ಅಪರಿಗ್ರಹವ್ರತವೂ ಮಠದ ಭೂಮಿಯೂ

ಪ್ರಶ್ನೆಯ ಸ್ವರೂಪ

ತನ್ನದೆಂಬುದು ಯಾವುದೂ ಇರಲಾಗದೆಂದು ವ್ರತ ತೊಟ್ಟವರ ಕೈಯಲ್ಲಿ ಭೂಮಿ ಇರಬಹುದೇ? ಇದ್ದರೆ ಅದು ಯಾರದು? ಅದನ್ನು ಮಾರುವ ಅಧಿಕಾರ ಅವರಿಗುಂಟೇ? ಮೇಲುನೋಟಕ್ಕೆ ಇವು ವಕೀಲರ ಪ್ರಶ್ನೆಗಳೆಂದು ತೋರುತ್ತವೆ. ಆದರೆ ಸೂಕ್ಷ್ಮವಾಗಿ ವಿಚಾರಿಸಿದರೆ ಇವು ವ್ರತದ ಬುಡಕ್ಕೇ ತಾಗುವ ಪ್ರಶ್ನೆಗಳೆಂಬುದು ವೇದ್ಯವಾಗುತ್ತದೆ. ಒಂದು ದಿನ ಅನ್ನವನ್ನು ಬಿಡುವುದು ಕಷ್ಟವಲ್ಲ. ಅನ್ನ ಬೆಳೆಯುವ ಭೂಮಿಯ ಮೇಲಣ ಮಮತೆಯನ್ನು ಬಿಡುವುದು ಕಷ್ಟ. ಅದರಲ್ಲಿಯೂ ಆ ಮಮತೆಯು ‘ಧರ್ಮಕ್ಕಾಗಿ’ ಎಂಬ ಉಡುಪನ್ನು ಧರಿಸಿ ಬಂದಾಗ ಅದನ್ನು ಗುರುತಿಸುವುದೇ ಕಷ್ಟ.

ಪ್ರಶ್ನೆಯು ಗಾಳಿಯಲ್ಲಿ ನಿಲ್ಲದಂತೆ ಒಂದು ಸ್ಥಳವನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಮಂಗಳೂರು ನಗರದ ಉತ್ತರ ಭಾಗದಲ್ಲಿರುವ ದೇರೆಬೈಲಿನ ಹೆಸರಿನಲ್ಲಿಯೇ ಬೈಲು ಇದೆ. ಬೈಲೆಂದರೆ ತಗ್ಗಿನ ಗದ್ದೆಭೂಮಿ. ಇಂದು ಆ ಹೆಸರು ಮಹಾನಗರಪಾಲಿಕೆಯ ಹಲವು ವಾರ್ಡುಗಳಿಗೆ ಹಂಚಿಹೋಗಿದೆ. ಮುಡಿ ಅಕ್ಕಿಯಲ್ಲಿ ಗೇಣಿಯನ್ನು ಅಳೆಯುತ್ತಿದ್ದ ಸೀಮೆಯಲ್ಲಿ ಭೂಮಿಯ ಬೆಲೆಯನ್ನು ಸೆಂಟ್ಸಿನ ಲೆಕ್ಕದಲ್ಲಿ ಹೇಳುತ್ತಾರೆ. ಇಂತಹ ಸ್ಥಳದಲ್ಲಿ ಒಂದು ಧರ್ಮಸಂಸ್ಥೆಗೆ ಅರುವತ್ತು ಸೆಂಟ್ಸ್ ಭೂಮಿ ಇದೆಯೆಂದು ಭಾವಿಸಿಕೊಳ್ಳಬಹುದು. ಎರಡು ತಲೆಮಾರುಗಳ ಹಿಂದೆ ಒಬ್ಬ ಶ್ರಾವಕನು ತ್ಯಾಗಿಗಳ ಆಹಾರದಾನಕ್ಕೂ ದೇವರ ನಂದಾದೀಪಕ್ಕೂ ಎಂದು ಬರೆದುಕೊಟ್ಟ ಭೂಮಿ ಅದು. ಸುತ್ತಲೂ ಅಂತಸ್ತಿನ ಕಟ್ಟಡಗಳು ಎದ್ದಿವೆ. ಮೂಲೆಯ ಸಣ್ಣ ಮನೆಯಲ್ಲಿ, ಒಂದು ಕಾಲದಲ್ಲಿ ಅಲ್ಲಿನ ತೆಂಗಿನ ತೋಟವನ್ನು ನೋಡಿಕೊಳ್ಳುತ್ತಿದ್ದವರ ಮಕ್ಕಳು ವಾಸವಾಗಿದ್ದಾರೆ. ಕಟ್ಟಡ ಕಟ್ಟುವವರು ದೊಡ್ಡ ಮೊತ್ತವನ್ನು ಹೇಳಿದ್ದಾರೆ. ಮಾರಿ ವಿದ್ಯಾರ್ಥಿನಿಲಯ ಕಟ್ಟೋಣವೆಂಬುದು ಸಂಘದ ಕೆಲವರ ಮತ. ದಾನದ ಭೂಮಿಯನ್ನು ಮುಟ್ಟಲಾಗದೆಂಬುದು ಮತ್ತೆ ಕೆಲವರ ಮತ. ವ್ರತಿಗಳಿಗೆ ಭೂಮಿಯೇ ಏಕೆಂಬುದು ಮೂರನೆಯವರ ಮಾತು. ಇದು ಕಲ್ಪಿತ ದೃಷ್ಟಾಂತವಾದರೂ ಇಂತಹ ಚರ್ಚೆ ಯಾವ ಊರಿಗೂ ಯಾವ ಮತಕ್ಕೂ ಹೊಸದಲ್ಲ.

ಆಗಮದ ದೃಷ್ಟಿ

ಗೃಹಸ್ಥನ ಪರಿಗ್ರಹಪರಿಮಾಣವ್ರತಕ್ಕೆ ಬರುವ ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಎಣಿಸುವಾಗ ಮೊತ್ತಮೊದಲು ಹೇಳುವುದು ಕ್ಷೇತ್ರವನ್ನು, ಅಂದರೆ ಭೂಮಿಯನ್ನು. ಮನೆ, ಚಿನ್ನ, ಧಾನ್ಯ, ಸೇವಕಜನ ಮುಂತಾದುವೆಲ್ಲ ಅದರ ಹಿಂದೆ ಬರುತ್ತವೆ. ಇದು ಆಕಸ್ಮಿಕವಲ್ಲ. ಚಿನ್ನವನ್ನು ಕಳ್ಳನು ಒಯ್ಯಬಹುದು, ಧಾನ್ಯವನ್ನು ಇಲಿ ತಿನ್ನಬಹುದು. ಭೂಮಿ ಮಾತ್ರ ಇದ್ದಲ್ಲೇ ಇರುತ್ತದೆ. ಆದುದರಿಂದ ಮನಸ್ಸು ಎಲ್ಲಕ್ಕಿಂತ ಗಟ್ಟಿಯಾಗಿ ಬೇರು ಬಿಡುವುದು ಭೂಮಿಯಲ್ಲಿ. ಗೃಹಸ್ಥನಿಗೆ ಈ ವ್ರತವು ಮಿತಿಯನ್ನು ವಿಧಿಸುತ್ತದೆ. ಮಹಾವ್ರತಿಗಾದರೋ ಮಿತಿಯ ಮಾತೇ ಇಲ್ಲ, ಪೂರ್ಣತ್ಯಾಗವೇ ವಿಧಿ. ಪಿಂಛಿ, ಕಮಂಡಲು, ಶಾಸ್ತ್ರ ಇವು ಸಂಯಮ, ಶೌಚ, ಜ್ಞಾನಗಳ ಉಪಕರಣಗಳೇ ಹೊರತು ಆಸ್ತಿಯಲ್ಲ.

ಆದರೆ ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹೆಸರಿಸದೆ ಮೂರ್ಛೆಯನ್ನು ಹೆಸರಿಸಿದ್ದಾರೆ. ಮೂರ್ಛೆಯೆಂದರೆ ‘ಇದು ನನ್ನದು’ ಎಂಬ ಮೋಹದಲ್ಲಿ ವಿವೇಕ ತಪ್ಪುವುದು. ಇದರಿಂದ ಎರಡು ಫಲಿತಾರ್ಥಗಳು ಹೊರಡುತ್ತವೆ. ಬರಿಗೈಯವನೂ ಪರಿಗ್ರಹಿಯಾಗಬಹುದು ಎಂಬುದು ಒಂದು. ಕೈಯಲ್ಲಿ ವಸ್ತುವಿದ್ದರೂ ಅದು ತನ್ನದಲ್ಲವೆಂಬ ಭಾವವು ದೃಢವಾಗಿದ್ದವನನ್ನು ವಸ್ತುವಿದ್ದಷ್ಟಕ್ಕೇ ಪರಿಗ್ರಹಿಯೆನ್ನಲಾಗದು ಎಂಬುದು ಇನ್ನೊಂದು. ಎರಡನೆಯ ಮಾತು ಅಪಾಯಕಾರಿಯಾದುದು. ಮೋಹವಿಲ್ಲವೆಂದು ಬಾಯಲ್ಲಿ ಹೇಳಿ ಎಲ್ಲವನ್ನೂ ಇಟ್ಟುಕೊಳ್ಳುವವನಿಗೆ ಅದು ಅನುಕೂಲವಾಗಿ ಬರುತ್ತದೆ. ಆದುದರಿಂದಲೇ ಮುನಿಗೆ ಭಾವತ್ಯಾಗದೊಂದಿಗೆ ದ್ರವ್ಯತ್ಯಾಗವನ್ನೂ ಕಡ್ಡಾಯವಾಗಿ ವಿಧಿಸಲಾಗಿದೆ.

ಇದೇ ಗ್ರಂಥದ ಮತ್ತೆರಡು ಸ್ಥಳಗಳು ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಅಚೌರ್ಯವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳಲ್ಲಿ ಶೂನ್ಯಾಗಾರದಲ್ಲಿಯೂ ಇತರರು ಬಿಟ್ಟುಹೋದ ನೆಲೆಯಲ್ಲಿಯೂ ವಾಸಿಸುವುದು, ಇರುವ ಸ್ಥಳಕ್ಕೆ ಬರುವ ಪರರನ್ನು ತಡೆಯದಿರುವುದು, ಇವುಗಳ ಸಾಲಿನ ಕೊನೆಗೆ ಸಧರ್ಮಾವಿಸಂವಾದವೆಂಬುದು ಬರುತ್ತದೆ. ‘ಇದು ನಿನ್ನದು, ಇದು ನನ್ನದು’ ಎಂದು ಸಹಧರ್ಮಿಗಳೊಡನೆ ಜಗಳವಾಡದಿರುವುದು ಎಂದು ಅದರ ಅರ್ಥ. ಆಸ್ತಿಯ ಜಗಳವನ್ನು ಕಳವಿನ ಪ್ರಕರಣದಲ್ಲಿ ಸೇರಿಸಿರುವುದು ಗಮನಾರ್ಹ. ಮತ್ತೊಂದೆಡೆ ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಹಿಂಸೆ, ಅಸತ್ಯ, ಕಳವುಗಳ ಜೊತೆಗೆ ವಿಷಯಸಂರಕ್ಷಣೆಯನ್ನು ಹೇಳಲಾಗಿದೆ. ಇದ್ದುದನ್ನು ಕಾಪಾಡಿಕೊಳ್ಳುವ ಚಿಂತೆಯಲ್ಲೇ ಮನಸ್ಸು ಮುಳುಗಿರುವುದು ರೌದ್ರಧ್ಯಾನ. ಗಳಿಸುವ ಆಸೆಯಷ್ಟೇ ಕಾಯುವ ಹಠವೂ ಬಂಧಕಾರಣವೆಂದಾಯಿತು. ವರ್ಷಗಟ್ಟಲೆ ದಾವೆ ನಡೆಸಿದವರಿಗೆ ಈ ಮಾತಿನ ಸತ್ಯವನ್ನು ಬೇರೆ ಹೇಳಬೇಕಾಗಿಲ್ಲ.

ಶಾಸನಗಳ ಸಾಕ್ಷಿ

ಹೀಗಿದ್ದೂ ಕನ್ನಡನಾಡಿನ ಜೈನಶಾಸನಗಳಲ್ಲಿ ಹಲವು ಭೂದಾನದ ಶಾಸನಗಳೇ ಆಗಿವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಗೋವಿಂದವಾಡಿಯನ್ನು ಅರಸನಿಂದ ಪಡೆದು ಗೊಮ್ಮಟೇಶ್ವರನ ಪೂಜೆಗೆ ಬಿಟ್ಟನು. ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದಾಗ ಅರಸನು ಸವಣೇರು ಗ್ರಾಮವನ್ನು ಅದಕ್ಕೆ ದತ್ತಿಯಾಗಿ ಕೊಟ್ಟನು. ಇಂತಹ ದತ್ತಿಗಳನ್ನು ಗುರುಗಳ ಪಾದಪ್ರಕ್ಷಾಲನ ಮಾಡಿ ಧಾರಾಪೂರ್ವಕವಾಗಿ ಕೊಡುವುದು ವಾಡಿಕೆಯಾಗಿತ್ತು. ಒಡೆತನವೇ ಇಲ್ಲದವರ ಪಾದ ತೊಳೆದು ಅವರ ಎದುರಿಗೆ ಊರನ್ನು ಧಾರೆಯೆರೆಯುವುದೆಂದರೇನು?

ಉತ್ತರವು ಶಾಸನಗಳಲ್ಲೇ ಇದೆ. ದತ್ತಿಯ ಉದ್ದೇಶವನ್ನು ಅವು ಬಿಡದೆ ಹೇಳುತ್ತವೆ: ಬಸದಿಯ ಖಂಡಸ್ಫುಟಿತ ಜೀರ್ಣೋದ್ಧಾರ, ದೇವರ ಅಷ್ಟವಿಧಾರ್ಚನೆ, ಋಷಿಸಮುದಾಯದ ಆಹಾರದಾನ. ಗುರುವು ಅಲ್ಲಿ ಪಡೆಯುವವನಲ್ಲ, ಸಾಕ್ಷಿ. ಒಡೆಯನಲ್ಲ, ಉದ್ದೇಶಕ್ಕೆ ಹೊಣೆ. ಮುಂದೆ ಈ ಹೊಣೆಯನ್ನು ಹೊರಲೆಂದೇ ಭಟ್ಟಾರಕ ಪರಂಪರೆಯ ಮಠಗಳು ಬಲಗೊಂಡವು. ಶ್ರವಣಬೆಳಗೊಳದಲ್ಲಿಯೂ ಮೂಡುಬಿದಿರೆಯಲ್ಲಿಯೂ ಪೀಠವನ್ನೇರಿದವರೆಲ್ಲರಿಗೆ ಚಾರುಕೀರ್ತಿಯೆಂಬ ಒಂದೇ ಅಭಿಧಾನ ಸಲ್ಲುವುದರಲ್ಲಿಯೂ ಒಂದು ತತ್ತ್ವವಿದೆ. ವ್ಯಕ್ತಿ ಬರುತ್ತಾನೆ, ಹೋಗುತ್ತಾನೆ, ಹೆಸರು ಉಳಿಯುತ್ತದೆ. ಆಸ್ತಿಯು ಆ ಹೆಸರಿಗೆ ಸಂದದ್ದೇ ಹೊರತು ಅದನ್ನು ಹೊತ್ತ ವ್ಯಕ್ತಿಗೆ ಸಂದದ್ದಲ್ಲ.

ಆದರೂ ಕೆಡುಕು ಬಾರದೆ ಇರಲಿಲ್ಲ. ಶ್ರವಣಬೆಳಗೊಳದ 1634ರ ಶಾಸನಗಳು ಈ ವಿಷಯದಲ್ಲಿ ಬಹಳ ಬೆಲೆಯುಳ್ಳವು. ದೇವರ ಸೇವೆಗೆ ಬಿಟ್ಟ ಭೂಮಿಗಳನ್ನು ಸ್ಥಾನಿಕರು ವರ್ತಕರಿಗೆ ಅಡವು ಹಾಕಿದ್ದರು. ಸೇವೆಗೆ ಕುಂದು ಬಂದಿತ್ತು. ಮೈಸೂರಿನ ಚಾಮರಾಜ ಒಡೆಯರು ಅಡವು ಹಿಡಿದವರನ್ನು ಕರೆಸಿ ಆ ಸಾಲವನ್ನು ತಾವು ತೀರಿಸುವುದಾಗಿ ತಿಳಿಸಿದರು. ವರ್ತಕರಾದರೋ ಹಣವನ್ನು ತೆಗೆದುಕೊಳ್ಳಲಿಲ್ಲ. ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನೇ ದಾನವಾಗಿ ಬಿಟ್ಟುಕೊಟ್ಟರು. ಗೊಮ್ಮಟಸ್ವಾಮಿಯ ಮತ್ತು ಚಾರುಕೀರ್ತಿ ಪಂಡಿತದೇವರ ಸನ್ನಿಧಿಯಲ್ಲಿ ಅದು ನೆರವೇರಿತು. ಮುಂದೆ ಈ ಭೂಮಿಯನ್ನು ಅಡವಿಡುವವರಿಗೂ ಅಡವು ಹಿಡಿಯುವವರಿಗೂ ಬಹಿಷ್ಕಾರವೆಂದು ಕಟ್ಟಳೆಯಾಯಿತು. ಇಲ್ಲಿ ನಾಲ್ಕು ಪಕ್ಷಗಳೂ ಕಾಣಸಿಗುತ್ತವೆ: ತಪ್ಪಿದ ಮೇಲ್ವಿಚಾರಕರು, ಹಕ್ಕುಳ್ಳ ಸಾಲಿಗರು, ಎಚ್ಚತ್ತ ರಾಜ್ಯಾಧಿಕಾರ, ಸಾಕ್ಷಿಯಾದ ಗುರುಪೀಠ. ಸಾಲಿಗರ ಹಕ್ಕನ್ನು ಕಿತ್ತುಕೊಳ್ಳದೆಯೇ, ಅವರೇ ಅದನ್ನು ಬಿಡುವಂತಾದುದು ಈ ತೀರ್ಮಾನದ ಹಿರಿಮೆ.

ನ್ಯಾಯಾಲಯಗಳು ನಡೆದ ದಾರಿ

ಬ್ರಿಟಿಷರ ಕಾಲದಿಂದೀಚೆಗೆ ಈ ವಿಷಯವು ನ್ಯಾಯಾಲಯಗಳ ಮುಂದೆ ಬಂದಿತು. 1856ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಅಪ್ರಾಪ್ತವಯಸ್ಕನ ಆಸ್ತಿಯನ್ನು ನೋಡಿಕೊಳ್ಳುವವನು ಅವಶ್ಯಕತೆ ಅಥವಾ ಆಸ್ತಿಯ ಹಿತ, ಇವೆರಡರ ಹೊರತು ಪರಭಾರೆ ಮಾಡಲಾಗದೆಂದಿತು; ಮುಂದೆ ಅದೇ ನಿಯಮವನ್ನು ದೇವರ ಮತ್ತು ಮಠದ ಆಸ್ತಿಗೂ ಅನ್ವಯಿಸಲಾಯಿತು. ದೇವರೂ ಮಠವೂ ನಿತ್ಯ ಬಾಲಕರು, ಅವರ ಪರವಾಗಿ ವ್ಯವಹರಿಸುವವನು ಪೋಷಕನೆಂಬ ಭಾವನೆ ಇದರಲ್ಲಿದೆ. ‘ಹಿತ’ವೆಂದರೇನೆಂಬುದನ್ನು 1917ರ ಮತ್ತೊಂದು ತೀರ್ಪು ವಿವರಿಸಿತು: ಆಸ್ತಿಯನ್ನು ನಾಶದಿಂದ, ಪ್ರವಾಹದಿಂದ, ವೈರದ ದಾವೆಯಿಂದ ಉಳಿಸುವುದು ಹಿತ, ಹೆಚ್ಚು ಬಡ್ಡಿ ಬರುವಲ್ಲಿ ಹಣ ಹೂಡುವುದಕ್ಕಾಗಿಯೇ ಸ್ಥಿರವಾದ ಭೂಮಿಯನ್ನು ಮಾರುವುದಕ್ಕೆ ಅಧಿಕಾರವಿಲ್ಲ. ದೇರೆಬೈಲಿನಂತಹ ಕಡೆ ‘ಒಳ್ಳೆಯ ಬೆಲೆ ಬಂದಿದೆ’ ಎನ್ನುವವರು ನೆನಪಿಡತಕ್ಕ ಮಾತಿದು.

ಮಠಾಧಿಪತಿಯು ಇಂಗ್ಲಿಷ್ ಕಾನೂನಿನ ಅರ್ಥದಲ್ಲಿ ಟ್ರಸ್ಟಿಯಲ್ಲ, ಆದರೆ ಗೊತ್ತಾದ ಗೇಣಿಗೆ ಅವನು ಕೊಟ್ಟ ಶಾಶ್ವತ ಗುತ್ತಿಗೆಯು ಅವಶ್ಯಕತೆಯಿಲ್ಲದಿದ್ದಲ್ಲಿ ಅವನ ಅಧಿಕಾರಾವಧಿಯ ಆಚೆಗೆ ನಿಲ್ಲದು ಎಂದು 1921ರಲ್ಲಿ ತೀರ್ಪಾಯಿತು. ಇಂದು ಪೀಠದಲ್ಲಿರುವವನು ನಾಳಿನವನ ಕೈಯನ್ನು ಕಟ್ಟಲಾಗದೆಂಬುದು ಇದರ ತಾತ್ಪರ್ಯ.

ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದಾಗ ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಪ್ರಕರಣವು ದೇಶಕ್ಕೇ ಮಾರ್ಗದರ್ಶಕವಾಯಿತು. ಶ್ರೀ ಲಕ್ಷ್ಮೀಂದ್ರತೀರ್ಥರು 1919ರಲ್ಲಿ ಬಾಲ್ಯದಲ್ಲೇ ಪೀಠಕ್ಕೆ ಬಂದು 1926ರ ಸುಮಾರಿಗೆ ಆಡಳಿತ ವಹಿಸಿಕೊಂಡಾಗ ಮಠಕ್ಕೆ ಸಾಲವಿತ್ತು. ಅದರ ಬಹುಭಾಗವನ್ನು ತೀರಿಸಿದರೂ 1931ರ ಪರ್ಯಾಯದಿಂದ ಮತ್ತೆ ಸಾಲವಾಯಿತು. 1946ರ ಎರಡನೆಯ ಪರ್ಯಾಯದಲ್ಲಿ, ಯುದ್ಧಾನಂತರದ ಅಭಾವ ಮತ್ತು ದುಬಾರಿಯ ದೆಸೆಯಿಂದ, ಅದು ಒಂದು ಲಕ್ಷ ರೂಪಾಯಿಯ ಸಮೀಪಕ್ಕೆ ಏರಿತು. ಧರ್ಮಾದಾಯ ಮಂಡಳಿಯು ಮಧ್ಯೆ ಬಂದು ಆಡಳಿತಗಾರನನ್ನು ನೇಮಿಸಬೇಕೆಂದಿತು. ವಿವಾದ ಬೆಳೆದು 1951ರ ಮದ್ರಾಸು ಕಾಯ್ದೆಯ ಸಿಂಧುತ್ವದವರೆಗೆ ಹೋಯಿತು. 1954ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಹಲವು ವಿಧಿಗಳನ್ನು ತೊಡೆದುಹಾಕಿತು. ಮಠಾಧಿಪತಿಯ ಸ್ಥಾನದಲ್ಲಿ ಕರ್ತವ್ಯವೂ ಸ್ವತ್ತಿನ ಹಕ್ಕೂ ಬೆರೆತುಕೊಂಡಿವೆ, ಅವನನ್ನು ಬರಿಯ ಸೇವಕನ ಮಟ್ಟಕ್ಕೆ ಇಳಿಸಲಾಗದು ಎಂದಿತು. ಸಂವಿಧಾನದ 26ನೆಯ ಅನುಚ್ಛೇದವು ಧಾರ್ಮಿಕ ಪಂಗಡಗಳಿಗೆ ತಮ್ಮ ಧರ್ಮದ ವಿಷಯಗಳನ್ನು ತಾವೇ ನಡೆಸುವ ಹಕ್ಕನ್ನೂ ಆಸ್ತಿಯನ್ನು ಹೊಂದುವ ಹಕ್ಕನ್ನೂ ಕೊಟ್ಟಿದೆ. ಆ ಆಸ್ತಿಯ ಆಡಳಿತವಾದರೋ ‘ಕಾನೂನಿಗನುಸಾರವಾಗಿ’ ನಡೆಯಬೇಕು ಎಂಬ ವ್ಯತ್ಯಾಸವನ್ನು ನ್ಯಾಯಾಲಯವು ಎತ್ತಿ ತೋರಿಸಿತು.

ಅದೇ ವಾರದಲ್ಲಿ, ಅದೇ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರ ಲೇಖನಿಯಿಂದ, ರತಿಲಾಲ ಪಾನಾಚಂದ ಗಾಂಧಿಯವರ ಪ್ರಕರಣದ ತೀರ್ಪೂ ಹೊರಬಂತು. ಶ್ವೇತಾಂಬರ ಜೈನ ದೇವಾಲಯವೊಂದರ ವ್ಯವಸ್ಥಾಪಕರು 1950ರ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆಯನ್ನು ಪ್ರಶ್ನಿಸಿದ್ದರು. ಲೆಕ್ಕಪತ್ರ, ನೋಂದಣಿ, ತನಿಖೆಗಳಂತಹ ನಿಯಂತ್ರಣ ಸಲ್ಲುತ್ತದೆ. ಆದರೆ ಆಡಳಿತದ ಹಕ್ಕನ್ನೇ ಪಂಗಡದಿಂದ ಕಿತ್ತು ಅನ್ಯರಿಗೆ ಒಪ್ಪಿಸುವುದು ಸಲ್ಲದು ಎಂದು ನಿರ್ಣಯವಾಯಿತು. ಒಂದು ಧರ್ಮಕ್ಕೆಂದು ಕೊಟ್ಟ ಹಣವನ್ನು, ಮೂಲೋದ್ದೇಶವು ಸಾಧ್ಯವಿರುವಾಗಲೂ, ಬೇರೊಂದಕ್ಕೆ ತಿರುಗಿಸುವ ಅಧಿಕಾರವನ್ನೂ ನ್ಯಾಯಾಲಯವು ಒಪ್ಪಲಿಲ್ಲ.

ಇನ್ನೊಂದು ದಿಕ್ಕಿನಿಂದ ಬಂದ ಪ್ರಶ್ನೆ ಉಳುವವನದು. ಮಠದ ಭೂಮಿಯನ್ನು ತಲೆಮಾರುಗಳಿಂದ ಉತ್ತವನ ಹಕ್ಕೇನು? ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿಯವರು ಕೇರಳದ ಭೂಸುಧಾರಣೆಯಿಂದ ಮಠದ ಭೂಮಿಗೆ ಒದಗಿದ ಸ್ಥಿತಿಯನ್ನು ಪ್ರಶ್ನಿಸಿ 1970ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ಮಂದಿ ನ್ಯಾಯಮೂರ್ತಿಗಳು ಅರುವತ್ತೆಂಟು ದಿನ ವಿಚಾರಣೆ ನಡೆಸಿ 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಸಂವಿಧಾನದ ಮೂಲಸ್ವರೂಪವನ್ನು ಪಾರ್ಲಿಮೆಂಟು ಕೆಡಿಸಲಾಗದೆಂಬ ಸಿದ್ಧಾಂತವು ಏಳು–ಆರರ ಬಹುಮತದಿಂದ ಸ್ಥಾಪಿತವಾಯಿತು. ಆದರೆ ಭೂಸುಧಾರಣೆಗೆ ರಕ್ಷೆಯಾಗಿದ್ದ 29ನೆಯ ತಿದ್ದುಪಡಿಯು ಎತ್ತಿಹಿಡಿಯಲ್ಪಟ್ಟಿತು. ಭೂಮಿಗಾಗಿ ಹೋದವರಿಗೆ ಭೂಮಿ ಸಿಗಲಿಲ್ಲ; ಕೇಳದೆ ಇದ್ದ ದೊಡ್ಡ ವಸ್ತುವೊಂದು ದೇಶಕ್ಕೆ ಸಿಕ್ಕಿತು. 2020ರ ಸೆಪ್ಟೆಂಬರಿನಲ್ಲಿ ಅವರು ದೇಹ ಬಿಟ್ಟಾಗ ನಾಡು ಅವರನ್ನು ಸ್ಮರಿಸಿದ್ದು ಕಳೆದುಹೋದ ಭೂಮಿಗಾಗಿ ಅಲ್ಲ.

ಕರ್ನಾಟಕದಲ್ಲಿ ದೇವರಾಜ ಅರಸರ ಸರಕಾರವು ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿಭೂಮಿಗಳು ಸರಕಾರದಲ್ಲಿ ನಿಹಿತವಾದವು. ಗೇಣಿಯಾಳುಗಳು ‘ಡಿಕ್ಲರೇಶನ್’ ಕೊಟ್ಟು ಭೂಮಿಗೆ ಒಡೆಯರಾದರು. ಬಸದಿ, ದೇವಸ್ಥಾನ, ಮಠಗಳಿಗೆ ಮುಡಿಗಟ್ಟಲೆ ಬರುತ್ತಿದ್ದ ಅಕ್ಕಿಯ ಸ್ಥಾನದಲ್ಲಿ ವರ್ಷಾಶನದ ಹಣ ಬಂತು. ಪೇಟೆಯ ಮೂಲಗೇಣಿ ನಿವೇಶನಗಳ ತೊಡಕು ಬೇರೆಯಾಗಿಯೇ ಉಳಿದು, ಮೂಲಗೇಣಿದಾರರಿಗೆ ಒಡೆತನ ದೊರಕಿಸುವ ಸಲುವಾಗಿ 2011ರಲ್ಲಿ ಮತ್ತೊಂದು ಕಾಯ್ದೆ ಬಂತು. ಪಂಗಡಗಳಿಗೆ ಆಸ್ತಿ ಹೊಂದುವ ಹಕ್ಕಿದ್ದರೂ ಸಾರ್ವಜನಿಕ ಹಿತಕ್ಕಾಗಿ ರಾಜ್ಯವು ಆ ಆಸ್ತಿಯನ್ನು ತೆಗೆದುಕೊಳ್ಳಬಾರದೆಂದು ಅದರ ಅರ್ಥವಲ್ಲವೆಂಬುದನ್ನು ಸುಪ್ರೀಂ ಕೋರ್ಟು 1970ರ ಖಾಜಾಮಿಯಾನ್ ವಕ್ಫ್ ಎಸ್ಟೇಟಿನ ಪ್ರಕರಣದಲ್ಲಿ ಹೇಳಿತ್ತು.

ಪಶ್ಚಿಮದ ಒಂದು ದೃಷ್ಟಾಂತ

ಈ ಇಕ್ಕಟ್ಟು ಭಾರತಕ್ಕೆ ಮಾತ್ರ ಸೀಮಿತವಲ್ಲ. ಯುರೋಪಿನಲ್ಲಿ ಸಂತ ಫ್ರಾನ್ಸಿಸನ ಅನುಯಾಯಿಗಳು ತಮಗೆ ಒಬ್ಬೊಬ್ಬರಾಗಿಯೂ ಸಂಘವಾಗಿಯೂ ಒಡೆತನ ಬೇಡವೆಂದರು. ಅವರಿಗೆ ದೊರೆತ ಮನೆ, ಭೂಮಿಗಳ ಒಡೆತನವು ಪೋಪನ ಪೀಠದ್ದು, ಬಳಕೆ ಮಾತ್ರ ಸಂನ್ಯಾಸಿಗಳದು ಎಂದು ಮೂರನೆಯ ನಿಕೋಲಸ್ ಪೋಪನು 1279ರಲ್ಲಿ ವ್ಯವಸ್ಥೆಗೊಳಿಸಿದನು. ಇಪ್ಪತ್ತೆರಡನೆಯ ಜಾನ್ ಪೋಪನು 1322ರಲ್ಲಿ ಇದನ್ನು ಕಿತ್ತೊಗೆದನು. ತಿಂದು ತೀರುವ ರೊಟ್ಟಿಯಲ್ಲಿ ಬಳಕೆಯನ್ನು ಒಡೆತನದಿಂದ ಬೇರ್ಪಡಿಸುವುದು ಹೇಗೆಂದು ಅವನ ಪ್ರಶ್ನೆ. ಕಾಗದದ ಮೇಲಿನ ಒಡೆಯನೊಬ್ಬ, ಅನುಭವಿಸುವವನು ಇನ್ನೊಬ್ಬ ಎಂದಾದರೆ ಬಡತನದ ವ್ರತವು ಬರಿಯ ಮಾತಾಗುವುದೆಂಬ ಅವನ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಲೌಕಿಕ ಕಾನೂನು ವ್ರತವನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದಕ್ಕೆ ಇತ್ತೀಚಿನ ನಿದರ್ಶನವೂ ಇದೆ. ಅನುದಾನಿತ ಶಾಲೆಗಳಲ್ಲಿ ಕಲಿಸುವ ಕ್ರೈಸ್ತ ಸಂನ್ಯಾಸಿನಿಯರು ಮತ್ತು ಪಾದ್ರಿಗಳು, ತಮ್ಮ ಸಂಬಳವು ವ್ರತದಂತೆ ಸಂಘಕ್ಕೆ ಸೇರುವುದರಿಂದ ಆದಾಯಕರವನ್ನು ಮುರಿದುಕೊಳ್ಳಬಾರದೆಂದು ವಾದಿಸಿದರು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಸಂಬಳ ಕೈಗೆ ಬಂದ ಮೇಲೆ ಅದನ್ನು ತ್ಯಾಗ ಮಾಡುವುದು ವ್ರತಿಯ ವಿಚಾರ. ಬರುವಾಗ ಅದು ಸಂಬಳವೇ. ವ್ರತವು ಆತ್ಮನಿಗೆ ಕಟ್ಟುಪಾಡೇ ಹೊರತು ಲೋಕದ ಋಣಗಳಿಂದ ಬಿಡುಗಡೆಯ ಚೀಟಿಯಲ್ಲ.

ಪೂರ್ವಪಕ್ಷಗಳು

ಇಷ್ಟನ್ನು ಮುಂದಿಟ್ಟುಕೊಂಡು ದೇರೆಬೈಲಿನ ಆ ಮೂರು ಪಕ್ಷಗಳನ್ನು ಪರಿಶೀಲಿಸಬೇಕು.

ವ್ರತಿಗಳ ಸಂಸ್ಥೆಗೆ ಭೂಮಿಯೇ ಬೇಡವೆನ್ನುವವರ ಮಾತು ನಿಶ್ಚಯನಯದಿಂದ ಸತ್ಯ. ಆತ್ಮನಿಗೆ ಆತ್ಮನ ಹೊರತು ಯಾವುದೂ ಸ್ವಂತವಲ್ಲ. ಆದರೆ ವ್ಯವಹಾರನಯದಲ್ಲಿ ಭೂಮಿಯು ಯಾರ ಹೆಸರಿನಲ್ಲಾದರೂ ಇರಲೇಬೇಕು. ಸಂಸ್ಥೆಯು ಬಿಟ್ಟರೆ ಅದನ್ನು ಬಲಿಷ್ಠನು ಹಿಡಿಯುತ್ತಾನೆ. ದಾನಿಯ ಮಾತು ಮಣ್ಣುಪಾಲಾಗುತ್ತದೆ. ನಿಶ್ಚಯನಯವನ್ನು ಹೊಣೆ ತಪ್ಪಿಸಿಕೊಳ್ಳುವ ಉಪಾಯವಾಗಿ ಬಳಸುವುದು ಏಕಾಂತವಾದದ ದೋಷ.

ಎಂದೆಂದಿಗೂ ಮುಟ್ಟಲಾಗದೆನ್ನುವವರು ದೇವದ್ರವ್ಯದ ಭಯವನ್ನು ಮುಂದಿಡುತ್ತಾರೆ. ದತ್ತಿಯನ್ನು ಅಪಹರಿಸಿದವನಿಗೆ ಒದಗುವ ಘೋರ ಗತಿಯನ್ನು ಶಾಸನಗಳ ಕೊನೆಯಲ್ಲಿ ಕೆತ್ತಿರುವುದು ನಿಜ. ಆದರೆ ಶಾಪವಿರುವುದು ಅಪಹಾರಕ್ಕೆ, ವಿವೇಕಕ್ಕಲ್ಲ. ಆಹಾರದಾನಕ್ಕೆಂದು ಕೊಟ್ಟ ಭೂಮಿಯಿಂದ ಮೂವತ್ತು ವರ್ಷ ಒಂದು ಹಿಡಿ ಅಕ್ಕಿಯೂ ಹುಟ್ಟದೆ, ಮುಳ್ಳು ಬೆಳೆದು, ತೆರಿಗೆಗೂ ಬೇಲಿಗೂ ಸಂಘವೇ ಕೈಯಿಂದ ಹಾಕುತ್ತಿದ್ದರೆ ಅಲ್ಲಿ ಕಾಯಲ್ಪಡುತ್ತಿರುವುದು ದಾನಿಯ ಉದ್ದೇಶವೋ, ತಮಗೂ ಒಂದು ಭೂಮಿ ಇದೆಯೆಂಬ ಸಮಾಧಾನವೋ? ಎರಡನೆಯದಾದರೆ ಅದು ಸಂಸ್ಥೆಯ ಮೂರ್ಛೆ. ವ್ಯಕ್ತಿಯ ಮೂರ್ಛೆಯನ್ನು ಉಪವಾಸ, ಪ್ರತಿಕ್ರಮಣಗಳು ಸಡಿಲಿಸಬಲ್ಲವು. ಸಂಸ್ಥೆಯ ಮೂರ್ಛೆಗೆ ಅಷ್ಟಮಿಯೂ ಇಲ್ಲ, ಚತುರ್ದಶಿಯೂ ಇಲ್ಲ.

ಮಾರಿ ವಿದ್ಯಾರ್ಥಿನಿಲಯ ಕಟ್ಟೋಣವೆನ್ನುವವರ ಉದ್ದೇಶ ಶುಭವೇ. ಶಾಸ್ತ್ರದಾನವೂ ನಾಲ್ಕು ದಾನಗಳಲ್ಲಿ ಒಂದು. ಆದರೂ ಒಬ್ಬನು ಆಹಾರದಾನಕ್ಕೆ ಕೊಟ್ಟದ್ದನ್ನು ಇನ್ನೊಬ್ಬನು ತನಗೆ ಮೆಚ್ಚಿಕೆಯಾದ ದಾನಕ್ಕೆ ತಿರುಗಿಸಿದರೆ, ಪುಣ್ಯವೆಂದು ತೋರುವ ಆ ಕಾರ್ಯದ ಒಳಗೆ ಅದತ್ತಾದಾನದ ಒಂದು ಎಳೆ ಇದೆ. ಕೊಡದುದನ್ನು ತೆಗೆದುಕೊಳ್ಳುವುದು ಕಳವು. ಕೊಟ್ಟುದನ್ನು ಕೊಡದ ರೀತಿಯಲ್ಲಿ ಬಳಸುವುದೂ ಅದರ ನೆರೆಯದೇ. ಸತ್ತ ದಾನಿಯು ಎದ್ದು ಬಂದು ಆಕ್ಷೇಪಿಸಲಾರ. ಆಕ್ಷೇಪಿಸಲಾರದವನ ವಿಷಯದಲ್ಲಿಯೇ ಪ್ರಾಮಾಣಿಕತೆಯ ಪರೀಕ್ಷೆ ನಡೆಯುವುದು.

ಈ ಮೂರು ಪಕ್ಷದವರೂ ಸಾಮಾನ್ಯವಾಗಿ ಮರೆಯುವ ನಾಲ್ಕನೆಯದೊಂದಿದೆ: ಮೂಲೆಯ ಮನೆಯ ಕುಟುಂಬ. ಅವರಲ್ಲಿ ಕಾಗದಪತ್ರವಿಲ್ಲದೆ ಇರಬಹುದು. ಆದರೆ ಅಭಯದಾನವನ್ನು ನಿತ್ಯವೂ ಹೊಗಳುವ ಸಂಘವು ಎಬ್ಬಿಸುವ ನೋಟೀಸನ್ನು ಅವರ ಕೈಗೆ ಕೊಟ್ಟು ಬಂದು ಉಪವಾಸದ ಪಾರಣೆಗೆ ಕುಳಿತರೆ ಆ ಉಪವಾಸವು ಹೊಟ್ಟೆಯನ್ನು ಬರಿದು ಮಾಡಿತೇ ಹೊರತು ಕಷಾಯವನ್ನಲ್ಲ.

ಸಮಾಧಾನ

ಇವೆಲ್ಲವನ್ನು ಕೂಡಿಸಿ ನೋಡಿದಾಗ ಕೆಲವು ನಿರ್ಣಯಗಳು ಹೊರಡುತ್ತವೆ.

ಒಡೆತನ ಮತ್ತು ಹೊಣೆ ಬೇರೆ ಬೇರೆ. ಧರ್ಮಸಂಸ್ಥೆಗೆ ಇರುವುದು ಉದ್ದೇಶದ ಹೊಣೆ. ಈ ಮಾತು ಫ್ರಾನ್ಸಿಸನ ಅನುಯಾಯಿಗಳ ಮಾತಿನಂತೆ ಬರಿಯ ಕಾಗದದ ಮಾತಾಗಬಾರದೆಂದಿದ್ದರೆ ಅದಕ್ಕೊಂದು ಒರೆಗಲ್ಲು ಬೇಕು. ಫಲವನ್ನು ಯಾರು ಉಣ್ಣುತ್ತಾರೆ, ಲೆಕ್ಕವು ಯಾರಿಗೆ ಕಾಣುತ್ತದೆ, ಬಿಡಬೇಕಾದ ದಿನ ಬಿಡಲು ಮನಸ್ಸು ಒಪ್ಪುತ್ತದೆಯೇ, ಈ ಮೂರೇ ಆ ಒರೆಗಲ್ಲು. ಲೆಕ್ಕವನ್ನು ಮುಚ್ಚಿಡುವ ಸಂಸ್ಥೆಯ ಅಪರಿಗ್ರಹವು ನಂಬಲರ್ಹವಲ್ಲ.

ಮಹಾವ್ರತಿಗಳನ್ನು ಈ ವ್ಯವಹಾರದ ಸಹಿಯಿಂದಲೂ ಚೌಕಾಸಿಯಿಂದಲೂ ಕೋರ್ಟಿನ ಮೆಟ್ಟಿಲಿನಿಂದಲೂ ದೂರವಿಡುವುದು ಶ್ರಾವಕರ ಕರ್ತವ್ಯ. ವಿಷಯಸಂರಕ್ಷಣೆಯ ಚಿಂತೆಯನ್ನು ವ್ರತಿಯ ತಲೆಯ ಮೇಲೆ ಹೊರಿಸಿ ಅವರಿಂದ ಧರ್ಮೋಪದೇಶವನ್ನು ನಿರೀಕ್ಷಿಸುವುದು ಅನ್ಯಾಯ. ಹೊಣೆ ಹೊತ್ತ ಶ್ರಾವಕರು ಸಹ ಬೇಲಿಯೇ ಎದ್ದು ಹೊಲ ಮೇಯುವಂತೆ ಆಗಬಾರದು. ದೇವರ ಆಸ್ತಿಯನ್ನು ಕಾಯಬೇಕಾದವರೇ ಕಬಳಿಸುವುದನ್ನು 2007ರಲ್ಲಿ ಕೊಚ್ಚಿ ದೇವಸ್ವಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಂಡಿಸಿ, ಅಂತಹ ಆಸ್ತಿಯ ರಕ್ಷಣೆ ನ್ಯಾಯಾಲಯಗಳ ಕರ್ತವ್ಯವೂ ಹೌದೆಂದಿದೆ.

ಮಾರುವುದು ಪಾಪವಲ್ಲ, ಕಾರಣವಿಲ್ಲದೆ, ಗುಟ್ಟಾಗಿ, ಉದ್ದೇಶ ಕೆಡುವಂತೆ ಮಾರುವುದು ಪಾಪ. ಮೂಲೋದ್ದೇಶವು ಆ ಭೂಮಿಯಿಂದ ಸಾಧ್ಯವೇ ಇಲ್ಲವೆಂದು ಖಚಿತವಾದರೆ, ಸಂಘದ ಸಭೆಯಲ್ಲಿ ಬಹಿರಂಗವಾಗಿ ವಿಚಾರಿಸಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣದಂತಹ ದಾರಿಯಿಂದ ನ್ಯಾಯಾಲಯದ ಅನುಮತಿ ಪಡೆದು, ಬಂದ ಹಣವನ್ನು ಅದೇ ಆಹಾರದಾನ ಮತ್ತು ದೀಪಕ್ಕೆ ಶಾಶ್ವತವಾಗಿ ಕಟ್ಟಿಡಬೇಕು. ವಿದ್ಯಾರ್ಥಿನಿಲಯ ಬೇಕೆನ್ನುವವರು ತಮ್ಮ ಸ್ವಂತ ನ್ಯಾಯೋಪಾತ್ತ ಧನದಿಂದ ಅದನ್ನು ಕಟ್ಟಬಹುದು. ಅದರ ಪುಣ್ಯವಾದರೂ ಪೂರ್ತಿಯಾಗಿ ಅವರದಾಗುತ್ತದೆ. ಮಾರುವುದಾದರೂ ಉಳಿಸಿಕೊಳ್ಳುವುದಾದರೂ ಆ ಭೂಮಿಯ ಮೇಲೆ ಬಾಳುತ್ತಿರುವವರಿಗೆ ನೆಲೆ ಮಾಡಿಕೊಟ್ಟ ಬಳಿಕವೇ ಮುಂದಿನ ಮಾತು.

ಕೊನೆಯದಾಗಿ, ಗೃಹಸ್ಥನಿಗೆ ಪರಿಗ್ರಹಪರಿಮಾಣವ್ರತ ಇರುವಂತೆ ಧರ್ಮಸಂಸ್ಥೆಗಳಿಗೂ ಒಂದು ಪರಿಮಾಣವು ಅವಶ್ಯ. ಪೂಜೆ, ಆಹಾರ, ಶಾಸ್ತ್ರ, ಜೀರ್ಣೋದ್ಧಾರಗಳಿಗೆ ವರ್ಷಕ್ಕೆ ಎಷ್ಟು ಬೇಕೆಂದು ಸಂಘವು ಮೊದಲೇ ಗೊತ್ತುಮಾಡಿ, ಅದಕ್ಕಿಂತ ಮೀರಿದ ಹೊಸ ದತ್ತಿಯನ್ನು ವಿನಯದಿಂದ ಬೇಡವೆನ್ನುವ ಸಂಕಲ್ಪ ತೊಡಬಹುದು. ದಶಲಕ್ಷಣಪರ್ವದಲ್ಲಿ ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳ ದಿನಗಳಂದು ಉಪನ್ಯಾಸಗಳು ನಡೆಯುತ್ತವೆ. ಆ ದಿನವೇ ಸಂಸ್ಥೆಯ ಲೆಕ್ಕವನ್ನು ಸಭೆಯ ಮುಂದೆ ಓದುವ ಪದ್ಧತಿ ಬಂದರೆ ಅದಕ್ಕಿಂತ ತಕ್ಕ ಉಪನ್ಯಾಸ ಬೇರೊಂದಿಲ್ಲ.

ಇಷ್ಟು ಹೇಳಿದರೂ ಒಂದು ತೊಡಕು ಉಳಿಯುತ್ತದೆ. ಉದ್ದೇಶವು ಸತ್ತಿದೆಯೋ, ಅಥವಾ ಅದನ್ನು ನಡೆಸುವವರ ಶ್ರದ್ಧೆ ಸತ್ತಿದೆಯೋ ಎಂಬುದನ್ನು ಯಾವ ನ್ಯಾಯಾಲಯವೂ ಹೇಳಲಾರದು. ಆಹಾರದಾನಕ್ಕೆ ತ್ಯಾಗಿಗಳು ಬರುವುದಿಲ್ಲವೆಂದು ಹೇಳುವ ಊರು, ಅವರನ್ನು ಆಹ್ವಾನಿಸುವುದನ್ನೇ ನಿಲ್ಲಿಸಿರಬಹುದು. ದೀಪಕ್ಕೆ ಎಣ್ಣೆಯಿಲ್ಲವೆನ್ನುವವರ ಮನೆಯಲ್ಲಿ ಎಣ್ಣೆ ಇರಬಹುದು. ಭೂಮಿಯನ್ನು ಮಾರುವುದಕ್ಕೆ ಮೊದಲು ಪ್ರತಿಯೊಂದು ಸಂಘವೂ ಈ ಶೋಧನೆಯನ್ನು ತನ್ನೊಳಗೆ ನಡೆಸಬೇಕು. ಅದಕ್ಕಾಗಿ ಒಂದು ದಿನ ಎಲ್ಲರೂ ಕೂಡಿ ಉಪವಾಸವಿದ್ದು, ಮೌನದಿಂದ ದಾನಪತ್ರವನ್ನು ಮತ್ತೊಮ್ಮೆ ಓದುವುದು ಮೇಲು. 1634ರಲ್ಲಿ ಸಾಲಿಗರಾದ ವರ್ತಕರು ತಮಗೆ ಸಲ್ಲಬೇಕಾದ ಹಣವನ್ನೇ ಬಿಟ್ಟುಕೊಟ್ಟ ನಾಡಿನಲ್ಲಿ, ಸಲ್ಲದುದನ್ನು ಬಿಡುವುದು ಅಸಾಧ್ಯವಾಗಬಾರದು.